ಸಣ್ಣ ಜ್ವರ

ಆ ಕನ್ನಡಕದ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೇಳಿಬರುವ ಪ್ರಶ್ನೆ ಒಂದೇ. "ಇದು ಚೆನ್ನಾಗಿ ಕಾಣುತ್ತಾ, ಮೊದಲಿಂದು ಚೆನ್ನಾಗಿತ್ತಾ?" ಅಂಗಡಿಯವಳು ಒಂದು ಗಾಜು ತೆಗೆದು ಇನ್ನೊಂದು ಹಾಕುತ್ತಾಳೆ, ಕೇಳುತ್ತಾಳೆ, ಮತ್ತೆ ತೆಗೆಯುತ್ತಾಳೆ. ಕುರ್ಚಿಯಲ್ಲಿ ಕೂತವರಲ್ಲಿ ಅರ್ಧ ಜನ ಪರೀಕ್ಷೆಗೆ ಬಂದವರ ಹಾಗೆ ಬೆವರುತ್ತಾರೆ. ತಪ್ಪು ಹೇಳಿದರೆ ಎಲ್ಲಿ ಬೈಸಿಕೊಳ್ಳಬೇಕಾಗುತ್ತೋ ಅಂತ "ಎರಡೂ ಚೆನ್ನಾಗಿದೆ" ಅಂದುಬಿಡುತ್ತಾರೆ. ಅಂಥವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಎರಡೂ ಚೆನ್ನಾಗಿದ್ದರೆ ನನ್ನ ಹತ್ತಿರ ಯಾಕೆ ಬಂದಿರಿ, ಮನೆಯಲ್ಲೇ ಇರಬಹುದಿತ್ತಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡು, ಮೇಲೆ ಮಾತ್ರ ನಕ್ಕು, ಗಾಜು ಬದಲಾಯಿಸುತ್ತಾಳೆ.

ಇದು ಬಿಟ್ಟರೆ ಅವಳು ಆಡುವ ಮಾತು ಕಡಿಮೆ. ಅಂಗಡಿಯ ಮೇಲೇ ಮನೆ. ಮನೆಯಲ್ಲಿರುವುದು ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಅತ್ತೆ ಅವಳ ಜೊತೆ ಮಾತು ಬಿಟ್ಟು ಒಂದೂವರೆ ವರ್ಷವಾಯಿತು.

ಹಾಗಂತ ಅತ್ತೆಯೇನು ಮೌನವ್ರತ ಹಿಡಿದವರಲ್ಲ. ಎದುರು ಮನೆಯ ಪರದೆ ಹೊಲಿಯುವವಳ ಜೊತೆ ಕಿಟಕಿಯಿಂದ ಕಿಟಕಿಗೆ ಗಂಟೆಗಟ್ಟಲೆ ಹರಟುತ್ತಾರೆ. ಮಗಳ ಫೋನು ಬಂದರೆ ಕಿವಿ ಬಿಸಿಯಾಗುವ ತನಕ ಇಡುವುದಿಲ್ಲ. ಆದರೆ ಮೆಟ್ಟಿಲಲ್ಲಿ ಸೊಸೆಯ ಹೆಜ್ಜೆ ಸದ್ದು ಕೇಳಿತೋ, ಬಾಯಿಗೆ ಬೀಗ. ಅಡುಗೆ ಮಾಡಿಡುತ್ತಾರೆ. ತಟ್ಟೆಗೆ ಹಾಕಿ ಮುಚ್ಚಿಡುತ್ತಾರೆ. ಸೊಸೆ ತಲೆ ಹಿಡಿದುಕೊಂಡು ಕೂತರೆ ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆ ಮಾತ್ರೆಯೂ ನೀರೂ ಬಂದಿರುತ್ತವೆ. ಯಾವುದಕ್ಕೂ ಕೊರತೆ ಮಾಡಿದವರಲ್ಲ. ಒಂದು ಮಾತು ಬಿಟ್ಟು.

ಅವರು ಕಡೆಯದಾಗಿ ಸೊಸೆಗೆ ಹೇಳಿದ್ದು, ಮಗನ ದೇಹ ಆಸ್ಪತ್ರೆಯಿಂದ ಮನೆಗೆ ಬಂದ ದಿನ. ನೆಂಟರೆಲ್ಲ ಸುತ್ತ ನಿಂತಿದ್ದರು. ಅತ್ತೆ ಸೊಸೆಯ ಮುಖವನ್ನೇ ನೋಡುತ್ತ, ದನಿ ಕೂಡ ಏರಿಸದೆ, "ಒಂದೇ ಕೋಣೆ, ಒಂದೇ ಜ್ವರ. ನೀನು ಎದ್ದು ಕೂತೆ" ಅಂದರು.

ಅಷ್ಟೇ. ಬೈಗುಳವಾಗಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಆದರೆ ಅದು ನಿಜ. ಒಂದೇ ಕೋಣೆ, ಒಂದೇ ಜ್ವರ, ಅವಳು ಎದ್ದು ಕೂತಿದ್ದಳು. ಹೇಗೆ ಎದ್ದೆ ಅಂತ ಅವಳಿಗೇ ಗೊತ್ತಿರಲಿಲ್ಲ. ಗೊತ್ತಾದರೆ ಅತ್ತೆಯ ಮುಂದೆ ಹೋಗಿ ನಿಂತು ಹೇಳಬಹುದು, ಅಲ್ಲಿಯವರೆಗೆ ತಲೆ ಎತ್ತಿ ಅವರ ಮುಖ ನೋಡುವ ಹಾಗಿಲ್ಲ ಅಂತ ತನಗೆ ತಾನೇ ಶಿಕ್ಷೆ ಹಾಕಿಕೊಂಡು ಬದುಕುತ್ತಿದ್ದಳು.

ನಡೆದದ್ದು ಇಷ್ಟು. ಗಂಡ ಹೆಂಡತಿ ಹದಿನಾಲ್ಕು ವರ್ಷ ಆ ಅಂಗಡಿಯನ್ನು ಜೊತೆಯಾಗಿ ನಡೆಸಿದ್ದರು. ಮುಂದಿನ ಕೋಣೆಯಲ್ಲಿ ಅವಳು ಕಣ್ಣು ನೋಡಿ ನಂಬರು ಬರೆಯುತ್ತಿದ್ದಳು, ಹಿಂದಿನ ಕೋಣೆಯಲ್ಲಿ ಅವನು ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದ. ಬಂದವರ ಹೆಸರು ಇಬ್ಬರಿಗೂ ನೆನಪಿರುತ್ತಿರಲಿಲ್ಲ, ನಂಬರು ಮಾತ್ರ ನೆನಪಿರುತ್ತಿತ್ತು. "ಆ ಮೈನಸ್ ಎಂಟು ಬಂದಿದ್ರು, ಪಾಪ, ಮತ್ತೆ ಫ್ರೇಮು ಮುರ್ಕೊಂಡಿದಾರೆ" ಅಂತ ಅವಳು ಕೂಗಿದರೆ, ಒಳಗಿನಿಂದ ಅವನು "ಅವರಿಗೆ ಫ್ರೇಮೇ ಕಾಣಲ್ಲ ಕಣೇ, ಅದರ ಮೇಲೆ ಕೂತ್ಕೋತಾರೆ" ಅನ್ನುತ್ತಿದ್ದ. ಆ ಕೆಲಸದಲ್ಲಿ ನಂಬರು ಹೆಚ್ಚಿದಷ್ಟೂ ಕಷ್ಟ ಹೆಚ್ಚು. ಮುಕ್ಕಾಲು, ಒಂದು ಅಂತ ಬಂದವರನ್ನು ಇಬ್ಬರೂ ತಮಾಷೆ ಮಾಡುತ್ತಿದ್ದರು. ಒಂಬತ್ತು, ಹತ್ತು ಅಂತ ಬಂದವರನ್ನು ಕೈಹಿಡಿದು ಕೂರಿಸುತ್ತಿದ್ದರು. ಹದಿನಾಲ್ಕು ವರ್ಷ ಹೀಗೆ ಬದುಕಿದವರಿಗೆ ಲೋಕವೇ ಹಾಗೆ ಕಾಣುವುದು ಸಹಜ. ದೊಡ್ಡ ನಂಬರಿನವರನ್ನು ನೋಡಿಕೊಳ್ಳಬೇಕು, ಸಣ್ಣ ನಂಬರಿನವರು ಹೇಗೋ ನಿಭಾಯಿಸಿಕೊಳ್ಳುತ್ತಾರೆ.

ಆ ಸಲ ಊರಿಗೆಲ್ಲ ಜ್ವರ ಬಂದಿತ್ತು. ಇವರಿಬ್ಬರಿಗೂ ಒಂದೇ ದಿನ ಹಿಡಿಯಿತು. ಅತ್ತೆ ಆಗ ಮಗಳ ಮನೆಯಲ್ಲಿದ್ದರು. ಬರೆದಿಡಲು ಹಾಸಿಗೆಯ ಹತ್ತಿರ ಬೇರೆ ಕಾಗದ ಸಿಗದೆ ಅವನು ಅಂಗಡಿಯಲ್ಲಿ ಕಣ್ಣಿನ ನಂಬರು ಬರೆಯುವ ಕಾರ್ಡನ್ನೇ ತಂದುಕೊಂಡ. ಅದರಲ್ಲಿ ಎರಡು ಸಾಲು, ಬಲಗಣ್ಣು, ಎಡಗಣ್ಣು. "ನಾನು ಬಲಗಣ್ಣು, ನೀನು ಎಡಗಣ್ಣು" ಅಂತ ಹೇಳಿ, ದಿನಕ್ಕೆ ಮೂರು ಸಲ ಇಬ್ಬರ ಜ್ವರ ನೋಡಿ ಚೊಕ್ಕವಾಗಿ ಬರೆಯುತ್ತಿದ್ದ. ಬಲಗಣ್ಣು ನೂರು, ಎಡಗಣ್ಣು ನೂರಾ ಎರಡು. ಬಲಗಣ್ಣು ನೂರು ಚಿಲ್ಲರೆ, ಎಡಗಣ್ಣು ನೂರಾ ಮೂರೂವರೆ. ಮೂರನೆಯ ದಿನ ಎಡಗಣ್ಣು ನೂರಾ ನಾಲ್ಕು ಮುಟ್ಟಿತು. ಬಲಗಣ್ಣು ನೂರು ದಾಟಿ ಅಲ್ಲೇ ತೂಕಡಿಸುತ್ತಿತ್ತು.

"ನಿನ್ನದು ಭಾರಿ ನಂಬರು ಕಣೇ" ಅಂದಿದ್ದ ಅವನು. "ನನ್ನದು ಪೇಪರ್ ಓದೋಕೆ ಮಾತ್ರ ಬೇಕಾಗೋ ಕನ್ನಡಕ."

ಅವಳಿಗೆ ನಗು ಬಂದಿತ್ತು. ನಗುವಷ್ಟು ಶಕ್ತಿ ಇರಲಿಲ್ಲ. ಅವನು ಡಾಕ್ಟರಿಗೆ ಫೋನು ಮಾಡಿ ಅವಳ ಜ್ವರದ ವಿಷಯ ಹೇಳಿದ, ತನ್ನದು ಹೇಳಲೇ ಇಲ್ಲ. ಎದ್ದೆದ್ದು ಹೋಗಿ ಬಟ್ಟೆ ಒದ್ದೆ ಮಾಡಿ ತಂದು ಅವಳ ಹಣೆಗೆ ಹಾಕಿದ. ನಾಲ್ಕನೆಯ ದಿನ ಸಂಜೆ ಅವಳು ಹಾಸಿಗೆಯೆಲ್ಲ ನೆನೆಯುವ ಹಾಗೆ ಬೆವರಿದಳು, ಜ್ವರ ಇಳಿಯಿತು. ಅವನು ಎಡಗಣ್ಣಿನ ಸಾಲಿನಲ್ಲಿ ತೊಂಬತ್ತೊಂಬತ್ತು ಅಂತ ಬರೆದು ಅದರ ಕೆಳಗೆ ಗೆರೆ ಎಳೆದ. ಐದನೆಯ ದಿನ ಇಡೀ ಹಗಲು ನಿದ್ದೆ ಮಾಡಿದ. ನನ್ನ ಆರೈಕೆ ಮಾಡಿ ಸುಸ್ತಾಗಿದ್ದಾನೆ, ಮಲಗಲಿ ಅಂತ ಅವಳು ಕಿಟಕಿಯ ಪರದೆ ಎಳೆದು, ಸದ್ದಾಗದ ಹಾಗೆ ಬಾಗಿಲು ಮುಂದೆ ಮಾಡಿ ಬಂದಳು. ಆರನೆಯ ದಿನ ಬೆಳಿಗ್ಗೆ ಅವನ ತುಟಿ ನೀಲಿಯಾಗಿತ್ತು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದ. ಅಲ್ಲೂ ಜ್ವರ ಬಹಳ ಏರಲಿಲ್ಲ, ಉಸಿರೇ ನಿಂತಿತು.

ಆ ಪರದೆ ಎಳೆದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಾರ್ಡನ್ನು ಅಂಗಡಿಯ ಡ್ರಾಯರಿನಲ್ಲಿ ಇಟ್ಟಿದ್ದಳು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ತೆಗೆದು, ನೋಡಿ, ಮತ್ತೆ ಒಳಗಿಡುತ್ತಿದ್ದಳು. ಸವೆದುಹೋಗುವಷ್ಟು ನೋಡಿದರೂ ಅದು ಹೇಳುತ್ತಿದ್ದದ್ದು ಒಂದೇ. ಇದರ ಪ್ರಕಾರ ಸಾಯಬೇಕಾಗಿದ್ದವಳು ನೀನು.

ಅಂಥದೇ ಒಂದು ಮಧ್ಯಾಹ್ನ ಐವತ್ತು ದಾಟಿದ ಒಬ್ಬ ಹೆಂಗಸು ಒಳಗೆ ಬಂದರು. ಕಣ್ಣು ಕೆಂಪಗಿತ್ತು. ಕೂರುವ ಮೊದಲೇ ಚೀಲದಿಂದ ಸಣ್ಣ ಬಾಟಲಿ ತೆಗೆದು ಎರಡೂ ಕಣ್ಣಿಗೆ ಹನಿ ಬಿಟ್ಟುಕೊಂಡರು. "ಗಾಳಿ ತಾಗದ ಹಾಗೆ ಪಕ್ಕದಲ್ಲೂ ಮುಚ್ಚೋ ಕನ್ನಡಕ ಬೇಕು. ಅಳ್ತಿದೀನಿ ಅಂದ್ಕೋಬೇಡಿ, ಅಳೋ ಭಾಗ್ಯ ನನಗಿಲ್ಲ" ಅಂದರು.

ಅವಳು ಹೊಸ ಕಾರ್ಡು ತೆಗೆದುಕೊಂಡಳು. "ಏನು ಕೆಲಸ ಮಾಡ್ತೀರಿ? ಹತ್ತಿರದ್ದು ನೋಡೋ ಕೆಲಸಾನಾ, ದೂರದ್ದಾ?"

"ಬಹಳ ಹತ್ತಿರದ್ದು. ಸೂಕ್ಷ್ಮದರ್ಶಕ" ಅಂದರು ಆಕೆ. "ನಾನು ಡಾಕ್ಟರು, ಆದ್ರೆ ಔಷಧಿ ಕೊಡೋ ಡಾಕ್ಟರಲ್ಲ. ಒಂದೇ ಕಾಯಿಲೆ ಹೆಂಗಸರಿಗೂ ಗಂಡಸರಿಗೂ ಯಾಕೆ ಬೇರೆ ಬೇರೆ ಥರ ಬರುತ್ತೆ ಅಂತ ನೋಡೋದು ನನ್ನ ಕೆಲಸ. ಇಪ್ಪತ್ತೈದು ವರ್ಷ ಅದನ್ನೇ ಓದಿದೆ, ಕೊನೆಗೆ ಅಂಥದೇ ಒಂದು ಕಾಯಿಲೆ ನನಗೂ ಬಂತು. ರೋಗ ಒಳಗೆ ಬರದ ಹಾಗೆ ಕಾಯೋ ನನ್ನ ಮೈಯ ಕಾವಲಿನವರು ಕಣ್ಣೀರಿನ ಗ್ರಂಥಿನೇ ಕಳ್ಳ ಅಂತ ತಿಳ್ಕೊಂಡು ಹೊಡೆದು ಹಾಕಿದಾರೆ. ಈ ಕಾಯಿಲೆ ಬಂದ ಹತ್ತು ಜನರಲ್ಲಿ ಒಂಬತ್ತು ಜನ ಹೆಂಗಸರೇ ಇರ್ತಾರೆ."

ಅವಳು ಗಾಜು ಬದಲಾಯಿಸಿ ನೋಡುವ ಭಾರದ ಫ್ರೇಮನ್ನು ಡಾಕ್ಟರಮ್ಮನ ಮೂಗಿನ ಮೇಲೆ ಕೂರಿಸುತ್ತಿದ್ದಳು. ಕೈ ಅಲ್ಲೇ ನಿಂತಿತು.

"ಜ್ವರಕ್ಕೂ ಹಾಗೇನಾ? ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಅಂತ ಇರುತ್ತಾ?"

"ಇರುತ್ತೆ. ಯಾಕೆ?"

ಅವಳು ಡ್ರಾಯರು ಎಳೆದು ಹಳೆಯ ಕಾರ್ಡು ತೆಗೆದು ಕೊಟ್ಟಳು. ಯಾರದೋ ಇದು, ಗುರುತಿನವರದ್ದು ಅಂತ ಹೇಳಬೇಕೆಂದಿದ್ದಳು. ಬಾಯಿಗೆ ಸುಳ್ಳು ಬರಲಿಲ್ಲ. "ಬಲಗಣ್ಣು ಅಂತ ಇರೋದು ನಮ್ಮ ಮನೆಯವರು. ಎಡಗಣ್ಣು ನಾನು" ಅಂದಳು.

ಡಾಕ್ಟರಮ್ಮ ಒಂದು ಕಣ್ಣಿಗೆ ಗಾಜಿದ್ದು ಇನ್ನೊಂದಕ್ಕೆ ಇಲ್ಲದ ಆ ಫ್ರೇಮಿನಲ್ಲೇ ಕತ್ತು ವಾಲಿಸಿಕೊಂಡು ಓದಿದರು. ಬೇರೆ ಹೊತ್ತಾಗಿದ್ದರೆ ನೋಡಿದವರಿಗೆ ನಗು ಬರುತ್ತಿತ್ತು. ಓದಿ ಮುಗಿಸಿ ಮೆಲ್ಲಗೆ, "ಅವರು ಈಗ?" ಅಂದರು.

"ಇಲ್ಲ."

"ನೀವು ಅವರನ್ನ ಬಿಟ್ಟು ನಿಮ್ಮನ್ನ ನೋಡ್ಕೊಂಡ್ರಿ ಅಂತ ಯಾರಾದ್ರೂ ಅಂದ್ರಾ?"

"ಅಂದ್ರು. ನಾನೂ ಹಾಗೇ ಅಂದ್ಕೊಂಡಿದೀನಿ."

ಡಾಕ್ಟರಮ್ಮ ಫ್ರೇಮು ತೆಗೆದು ಮಡಿಲಲ್ಲಿಟ್ಟುಕೊಂಡರು. "ನೋಡಿ ಅಮ್ಮ, ಜ್ವರ ಅನ್ನೋದು ಕಾಯಿಲೆ ಅಲ್ಲ, ಕಾಯಿಲೆ ಜೊತೆ ಮೈ ಆಡೋ ಜಗಳ. ಹೆಂಗಸರ ಮೈಯಲ್ಲಿ ಈಸ್ಟ್ರೋಜನ್ ಅಂತ ಹಾರ್ಮೋನು ಜಾಸ್ತಿ. ಅದು ಕಾವಲಿನವರನ್ನ ಬೇಗ ಎಬ್ಬಿಸುತ್ತೆ. ಎದ್ದವರು ಗಲಾಟೆ ಮಾಡ್ತಾರೆ, ಮೈ ಸುಡುತ್ತೆ, ನೋಡೋರಿಗೆ ಭಯ ಆಗುತ್ತೆ. ಆದ್ರೆ ಕೆಲಸ ಬೇಗ ಮುಗಿಯುತ್ತೆ. ಗಂಡಸರಲ್ಲಿರೋ ಟೆಸ್ಟೋಸ್ಟಿರಾನು ಅದೇ ಕಾವಲಿನವರಿಗೆ ಸಮಾಧಾನ, ಅವಸರ ಬೇಡ ಅನ್ನುತ್ತೆ. ಮೇಲೆ ನೋಡಿದ್ರೆ ಸಣ್ಣ ಜ್ವರ. ಒಳಗೆ ಸೋಂಕು ಆರಾಮಾಗಿ ಹರಡಿರುತ್ತೆ. ಕಾವಲಿನವರು ಆಮೇಲೆ ಎದ್ದು ಹೊಡೆದಾಡೋಕೆ ಹೋದ್ರೆ, ಹೊಡೆತ ಶ್ವಾಸಕೋಶಕ್ಕೇ ಬೀಳುತ್ತೆ."

ಅವಳು ಕಾರ್ಡನ್ನು ವಾಪಸು ತೆಗೆದುಕೊಂಡು ಬಲಗಣ್ಣಿನ ಸಾಲಿನ ಮೇಲೆ ಬೆರಳಿಟ್ಟಳು.

"ಇನ್ನೂ ಒಂದು ಹೇಳ್ಬೇಕು, ಇಲ್ಲಾಂದ್ರೆ ನಿಮಗೆ ಮೋಸ ಮಾಡಿದ ಹಾಗಾಗುತ್ತೆ. ಇದು ಸಾವಿರಾರು ಜನರನ್ನ ನೋಡಿ ಹೇಳೋ ಮಾತು. ಸಣ್ಣ ಜ್ವರ ಬಂದು ಮೂರೇ ದಿನಕ್ಕೆ ಓಡಾಡೋ ಗಂಡಸರೂ ಇದಾರೆ, ಹೋಗಿಬಿಡೋ ಹೆಂಗಸರೂ ಇದಾರೆ. ವಯಸ್ಸು, ಹುಟ್ಟಿನಿಂದ ಬಂದದ್ದು, ಎಷ್ಟೋ ಕಾರಣ ಸೇರಿರುತ್ತೆ. ನಿಮ್ಮವರಿಗೆ ಹೀಗೇ ಆಯ್ತು ಅಂತ ಆಣೆ ಮಾಡಿ ಹೇಳೋಕೆ ನನ್ನಿಂದ ಆಗಲ್ಲ. ಆದ್ರೆ ಈ ಕಾರ್ಡು ನೋಡಿದ್ರೆ ಯಾರಾದ್ರೂ ಮೊದಲು ಓಡೋದು ಹೆಂಗಸಿನ ಹತ್ರಾನೇ. ನಾನೂ ನಿಮ್ಮ ಹತ್ರಾನೇ ಓಡಿ ಬರ್ತಿದ್ದೆ."

ಆಮೇಲೆ ಅವಳು ಡಾಕ್ಟರಮ್ಮನ ಕಣ್ಣು ನೋಡಿ, ನಂಬರು ಬರೆದು, ಕನ್ನಡಕ ಯಾವ ದಿನ ಸಿಗುತ್ತದೆ ಅಂತ ಹೇಳಿ ಕಳಿಸಿದಳು. ಎಲ್ಲ ಸರಿಯಾಗಿಯೇ ಮಾಡಿದಳು. ಅವರು ಹೋದ ಮೇಲೆ ಕುರ್ಚಿಯಲ್ಲಿ ಕೂತಳು.

ಈ ಮಾತಿಗಾಗಿ ಒಂದೂವರೆ ವರ್ಷ ಕಾದಿದ್ದಳು. ಸಿಕ್ಕ ಕೂಡಲೇ ಎದೆ ಹಗುರಾಗುತ್ತದೆ ಅಂದುಕೊಂಡಿದ್ದಳು. ಹಗುರಾಗಲಿಲ್ಲ. ಅವನ ಗಡಸು ದನಿ, ಎರಡು ದಿನ ಕ್ಷೌರ ಮಾಡದಿದ್ದರೆ ಕೆನ್ನೆಗೆ ಚುಚ್ಚುತ್ತಿದ್ದ ಗಡ್ಡ, ಡಬ್ಬಿಯ ಮುಚ್ಚಳ ಒಂದೇ ತಿರುವಿಗೆ ತೆಗೆಯುತ್ತಿದ್ದ ಆ ಕೈ, ಇವನ್ನೆಲ್ಲ ಕೊಟ್ಟ ಹಾರ್ಮೋನು ಯಾವುದೋ ಅದೇ ಒಳಗೆ ಕಾವಲನ್ನೂ ಮಲಗಿಸಿರಬಹುದಂತೆ. ಅವಳು ಮೆಚ್ಚಿ ಮದುವೆಯಾದದ್ದೂ ಅದನ್ನೇ. ತನ್ನ ತಪ್ಪಿನಿಂದ ಹೋದ ಅಂದುಕೊಂಡಿದ್ದಾಗ ಅವನ ಸಾವಿನಲ್ಲಿ ಅವಳದ್ದೂ ಒಂದು ಪಾಲಿತ್ತು, ಹಿಡಿದುಕೊಳ್ಳಲು ಏನೋ ಒಂದಿತ್ತು. ಈಗ ಅದೂ ಹೋಯಿತು. ಅಷ್ಟು ಒಂಟಿತನ ಅವಳಿಗೆ ಅವನು ಹೋದ ದಿನವೂ ಅನ್ನಿಸಿರಲಿಲ್ಲ.

ಆದರೂ ಎದ್ದಳು. ಅತ್ತೆಗೆ ಹೇಳಲೇಬೇಕಿತ್ತು. ಅಂಗಡಿಯ ಬಾಗಿಲು ಹಾಕಿ, ಮೆಟ್ಟಿಲು ಹತ್ತುತ್ತ ಮಾತು ಜೋಡಿಸಿಕೊಂಡಳು. ಮೇಲೆ ಹೋಗುವಷ್ಟರಲ್ಲಿ ಅರ್ಧ ಮರೆತಿತ್ತು.

ಅತ್ತೆ ಮಂಚದ ಮೇಲೆ ಒಣಗಿದ ಬಟ್ಟೆ ರಾಶಿ ಹಾಕಿಕೊಂಡು ಮಡಿಸುತ್ತಿದ್ದರು. ಸೊಸೆ ಹಗಲಿನಲ್ಲೇ ಮೇಲೆ ಬಂದದ್ದನ್ನು ಕಂಡು ಒಂದು ಕ್ಷಣ ತಲೆ ಎತ್ತಿ ಮತ್ತೆ ಬಟ್ಟೆಗೆ ತಿರುಗಿದರು.

"ಅತ್ತೆ, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು. ನೀವು ಮಾತಾಡಬೇಡಿ, ಕೇಳಿಸ್ಕೊಳ್ಳಿ ಸಾಕು."

ಅತ್ತೆ ದಿಂಬಿನ ಚೀಲ ಮಡಿಸಿದರು. ಅವಳು ನಿಂತುಕೊಂಡೇ ಹೇಳತೊಡಗಿದಳು. ಕೆಟ್ಟದಾಗಿ ಹೇಳಿದಳು. ಹಾರ್ಮೋನುಗಳ ಹೆಸರು ಅದಲುಬದಲಾಯಿತು. "ಹೆಂಗಸರಲ್ಲಿ ಇರುತ್ತಲ್ಲ, ಅದು" ಅಂದಳು, "ಗಂಡಸರಲ್ಲಿ ಇರುತ್ತಲ್ಲ, ಅದು" ಅಂದಳು. ಕಾವಲಿನವರ ಕಥೆ ನಡುವೆ ದಾರಿ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಜೋರು ಜ್ವರ ಬಂದದ್ದರಿಂದಲೇ ತಾನು ಉಳಿದಿರಬಹುದು ಅಂದಳು. ಪರದೆ ಎಳೆದು ಅವನನ್ನು ಮಲಗಿಸಿದ್ದನ್ನೂ ಹೇಳಿಬಿಟ್ಟಳು. ಅತ್ತೆಯ ಕೈಗಳು ಒಂದು ಟವೆಲ್ಲಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇದ್ದವು.

"ಸಣ್ಣ ಜ್ವರ ಅಂತ ನಾವಿಬ್ರೂ ಮೋಸ ಹೋದ್ವಿ ಅತ್ತೆ" ಅಂದಳು ಕೊನೆಗೆ. "ಅಷ್ಟೇ ಆಗಿದ್ದು. ಅವರು ಮತ್ತೆ ನಾನು, ಇಬ್ರೂ."

ಅತ್ತೆಯ ಕೈ ನಿಂತಿತು.

"ಇಬ್ರಲ್ಲ" ಅಂದರು. "ಮೂರು ಜನ."

ಆ ದನಿ ಕೇಳಿ ಅವಳು ಬೆಚ್ಚಿದಳು. ತನಗೇ ಹೇಳಿದ್ದು ಅಂತ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

"ಮೂರನೇ ದಿನ ನನಗೆ ಫೋನ್ ಮಾಡಿದ್ದ" ಅಂದರು ಅತ್ತೆ, ಟವೆಲ್ಲನ್ನೇ ನೋಡುತ್ತ. "ಯಾಕೋ ಮೈಯೆಲ್ಲ ಭಾರ ಅಮ್ಮ, ಏಳೋಕಾಗ್ತಿಲ್ಲ ಅಂದ. ಜ್ವರ ಎಷ್ಟಿದೆಯೋ ಅಂದೆ. ನೂರು ಅಂದ. ಅವಳಿಗೆಷ್ಟು ಅಂದೆ. ನೂರಾ ನಾಲ್ಕು ಅಂದ. ನಾಚಿಕೆ ಆಗಲ್ವೇನೋ ನಿನಗೆ, ಗಂಡಸಾಗಿ ನೂರು ಡಿಗ್ರಿಗೆ ಮಲಗ್ತೀನಿ ಅಂತೀಯಲ್ಲ, ಎದ್ದು ಆ ಹುಡುಗೀನ ನೋಡ್ಕೋ ಅಂದೆ." ಅವರು ಉಸಿರು ಎಳೆದುಕೊಂಡರು. "ನಕ್ಕ. ಆಯ್ತಮ್ಮ, ಎದ್ದೆ ಅಂದ. ಅದೇ ಕೊನೆ. ಆಮೇಲೆ ನನ್ನ ಹತ್ರ ಮಾತಾಡಲೇ ಇಲ್ಲ."

ಅವಳು ಗೋಡೆಗೆ ಒರಗಿದಳು.

"ನಿನ್ನ ಜೊತೆ ಒಂದು ಮಾತಾಡಿದ್ರೂ ಇದು ಹೊರಗೆ ಬಂದ್ಬಿಡುತ್ತೆ ಅಂತ ಹೆದರಿಕೆ. ಅದಕ್ಕೆ ಬಾಯೇ ತೆರೀಲಿಲ್ಲ. ಎಲ್ಲರ ಮುಂದೆ ನಿನಗೆ ಹಾಗೆ ಅಂದೆನಲ್ಲ, ಆಗ್ಲೂ ನನಗೆ ಗೊತ್ತಿತ್ತು. ಅವನನ್ನ ಹಾಸಿಗೆಯಿಂದ ಎಬ್ಬಿಸಿದ್ದು ನಾನು."

ಅವಳಿಗೆ ಮರುಕ ಬರಬೇಕಿತ್ತು. ಬಂದದ್ದು ಸಿಟ್ಟು. ಹದಿನೈದು ವರ್ಷದಲ್ಲಿ ಆ ಮನೆಯಲ್ಲಿ ಒಮ್ಮೆಯೂ ದನಿ ಏರಿಸದವಳು ಎದುರು ಮನೆಯ ಹೊಲಿಗೆ ಯಂತ್ರ ನಿಲ್ಲುವ ಹಾಗೆ ಕೂಗಿದಳು.

"ಒಂದೂವರೆ ವರ್ಷ ಅತ್ತೆ! ಒಂದೂವರೆ ವರ್ಷ ನಾನೊಬ್ಬಳೇ ಕೊಂದೆ ಅಂದ್ಕೊಂಡು ಕೆಳಗೆ ಕೂತಿದ್ದೆ. ನೀವು ಇಲ್ಲಿ ನನ್ನ ತಟ್ಟೆ ಮುಚ್ಚಿಡ್ತಿದ್ರಿ! ಅವತ್ತೇ ಹೇಳಿದ್ರೆ ಏನಾಗ್ತಿತ್ತು? ಇಬ್ರೂ ಕೂತು ಅಳಬಹುದಿತ್ತು. ನನಗೆ ಅಳೋಕೂ ಒಬ್ರು ದಿಕ್ಕಿರಲಿಲ್ಲ!"

"ಹೂಂ" ಅಂದರು ಅತ್ತೆ.

"ನೀವು ಅವರನ್ನ ಎಬ್ಬಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ನನಗೋಸ್ಕರ ಎಬ್ಬಿಸಿದ್ರಿ. ಹೇಳದೇ ಇದ್ರಲ್ಲ, ಅದನ್ನ ನಾನು ಯಾವತ್ತೂ ಮರೆಯಲ್ಲ. ಮರೀತೀನಿ ಅಂತ ಸುಳ್ಳು ಹೇಳಲ್ಲ."

"ಹೂಂ. ಮರೀಬೇಡ."

ಇನ್ನೂ ಏನೇನೋ ಅಂದಳು. ಅತ್ತೆ ಒಂದಕ್ಕೂ ಎದುರಾಡಲಿಲ್ಲ. ಮಾತು ಮುಗಿದ ಮೇಲೆ ಅವಳು ಮಂಚದ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಬಟ್ಟೆಯ ರಾಶಿ ಇತ್ತು. ಬೀದಿಯಲ್ಲಿ ಒಂದು ಗಾಡಿ ಹಿಂದಕ್ಕೆ ಹೋಗಲಾರದೆ ಒದ್ದಾಡುತ್ತಿತ್ತು.

"ಒಂದು ಕೇಳ್ಲಾ?" ಅಂದರು ಅತ್ತೆ. ದನಿ ಚಿಕ್ಕ ಹುಡುಗಿಯದರ ಹಾಗಾಗಿತ್ತು. "ನಾನು ಎದ್ದೇಳು ಅಂದ ಮೇಲೆ ಎದ್ದನಲ್ಲ. ಎದ್ದು ಏನು ಮಾಡಿದ?"

ಅವಳು ನೆನಪು ಮಾಡಿಕೊಂಡಳು. ಸುಡುವ ಜ್ವರದಲ್ಲಿ ಅರ್ಧ ಕಂಡದ್ದು, ಅರ್ಧ ಕೇಳಿದ್ದು.

"ಹಾಲು ಬಿಸಿ ಮಾಡ್ಕೊಂಡು ಬಂದ್ರು. ಬಾಗಿಲ ಹತ್ರ ಸ್ವಲ್ಪ ಹೊತ್ತು ಚೌಕಟ್ಟು ಹಿಡ್ಕೊಂಡು ನಿಂತಿದ್ರು. ಆಮೇಲೆ ಪಕ್ಕ ಕೂತು, ನನ್ನ ತಲೆ ಎತ್ತಿ ಹಿಡಿದು ಕುಡಿಸಿದ್ರು. ಸಕ್ಕರೆ ಹಾಕೋದು ಮರೆತಿದ್ರು."

"ಕುಡಿದೆಯಾ?"

"ಕುಡಿದೆ ಅತ್ತೆ" ಅಂದಳು ಅವಳು. "ಎಲ್ಲಾನೂ ಕುಡಿದೆ."